ಬಾಕಿ ಏಳು

ಎದೆಯ ಬಿಲ್ಲೆಯಲ್ಲಿ ನಂಬರು ಮಾತ್ರ, ಹೆಸರಿಲ್ಲ.
ಹದಿನಾಲ್ಕು ವರ್ಷ
ಅದು ನನಗೆ ಅನುಕೂಲವೇ ಆಗಿತ್ತು.

ಕಾರವಾರ ಬಿಟ್ಟ ಬಸ್ಸು
ಸುರಂಗದ ಬಾಯಿಗೆ ಬೀಳುವಾಗ
ಹಣೆಯ ಬೆವರು ಒರೆಸಿದ ಹಾಗೆ ಮಾಡಿ
ಹೆಬ್ಬೆರಳಲ್ಲಿ ಒಂದು ಶಿಲುಬೆ ಗೀಚಿಕೊಳ್ಳುತ್ತಿದ್ದೆ.
ಆಚೆ ಬಿಣಗಾದ ಬೆಳಕು ಬರುವಷ್ಟರಲ್ಲಿ
ಕೈ ಮತ್ತೆ ಚೀಲದೊಳಗೆ, ಚಿಲ್ಲರೆಯೊಳಗೆ.
ಡಿಸೆಂಬರಿನಲ್ಲೂ ಬೆವರುವ ಕಂಡಕ್ಟರ್ ನೀನೊಬ್ಬನೇ ಮಾರಾಯ
ಎನ್ನುತ್ತಿದ್ದ ಡ್ರೈವರ್ ಗಣಪು ಹರಿಕಂತ್ರ.
ಅವನಿಗೆ ಗೊತ್ತಿತ್ತು.

ಆ ಮಂಗಳವಾರ ತೋಡೂರಿನಲ್ಲಿ ಹತ್ತಿದಳು
ನಾತಾಲಿನ್ ಬಾಯಿ, ಬುಟ್ಟಿ ತುಂಬ ಬಂಗಡೆ.
ಹೆಂಗಸರಿಗೆ ಪುಕ್ಕಟೆ, ಬುಟ್ಟಿಗಲ್ಲ.
ಲಗೇಜು ಹದಿಮೂರು. ಇಪ್ಪತ್ತರ ನೋಟು ಕೊಟ್ಟಳು.
ಚಿಲ್ಲರೆ ಇಲ್ಲದೆ ಟಿಕೆಟ್ಟಿನ ಬೆನ್ನಿಗೆ ಬರೆದೆ:
ಬಾಕಿ ಏಳು.

ಮೂರನೇ ಸೀಟಿನ ಬಿಳಿ ಅಂಗಿಯವನು
ಅವಳ ಕೊರಳ ಜಪಸರ ಕಂಡು
ಬಸ್ಸಿಗೇ ಕೇಳುವಂತೆ ಹೇಳಿದ:
"ಅಕ್ಕಿ ಮೂಟೆಗೆ ದೇವರನ್ನು ಮಾರಿಕೊಂಡವರು."
ನಾಲ್ಕೈದು ಜನ ನಕ್ಕರು. ಕೆಟ್ಟವರಲ್ಲ,
ಮಗಳ ಮದುವೆಗೆ ನನ್ನನ್ನು ಕರೆದವರೂ ಅದರಲ್ಲಿದ್ದರು.

ಬಾಯಿ ಅವರತ್ತ ನೋಡಲಿಲ್ಲ. ನನ್ನತ್ತ ನೋಡಿದಳು.
ಇಗರ್ಜಿ ಅಂಗಳದ ಕೊಂಕಣಿಯಲ್ಲಿ ಕೇಳಿದಳು:
ನೀನು ಕಾಯ್ತಾನನ ಮಗ ಇನಾಸ್ ಅಲ್ಲವೇನೋ?
ನಿನ್ನ ಜ್ಞಾನಸ್ನಾನಕ್ಕೆ ಮೇಣದಬತ್ತಿ ಹಿಡಿದವಳು ನಾನು.

ನಾನು ಕನ್ನಡದಲ್ಲಿ ಹೇಳಿದೆ,
ವಾರ್ತೆ ಓದುವವರ ಕನ್ನಡದಲ್ಲಿ:
"ಅಲ್ಲಮ್ಮ. ತಾವು ಬೇರೆ ಯಾರನ್ನೋ ನೆನೆಸಿದ್ದೀರಿ."

ಅಮದಳ್ಳಿಯ ತಿರುವಿನಲ್ಲಿ
ಕೋಳಿ ತುಂಬಿದ ಲಾರಿಯೊಂದು ನಮ್ಮನ್ನು ಹಿಂದೆ ಹಾಕಿತು.
ನಾನು ಕಿವಿ ಕೊಟ್ಟು ಕೇಳಿದೆ.
ಒಂದೂ ಕೂಗಲಿಲ್ಲ.
ಬಾಯ್ಲರ್ ಕೋಳಿ ಕೂಗುವುದಿಲ್ಲ,
ಕೂಗು ಕಲಿಯುವ ಮೊದಲೇ, ನಲವತ್ತು ದಿನಕ್ಕೇ ಕತ್ತಿ.
ನನಗೆ ನಲವತ್ತೊಂದು ವರ್ಷ.

ಅವರ್ಸಾದಲ್ಲಿ ಬಾಯಿ ಬಾಕಿ ಕೇಳದೆ ಇಳಿದಳು.

ಆ ರಾತ್ರಿ ಅಪ್ಪ ನೆನಪಾದ.
ನೌಕಾನೆಲೆಗೆ ಅರ್ಗಾದ ಮನೆ ಬಿಟ್ಟು ಬರುವಾಗ
ಅಂಗಳದ ಕಲ್ಲಿನ ಶಿಲುಬೆಯನ್ನು
ಚಾಪೆಯಲ್ಲಿ ಸುತ್ತಿ ಟೆಂಪೋಕ್ಕೆ ಏರಿಸಿದ್ದ.
ಪಟ್ಟಿ ಬರೆಯುತ್ತಿದ್ದ ಗುಮಾಸ್ತ ಕೇಳಿದ: ಇದು ಯಾವ ಸಾಮಾನು?
ಅಪ್ಪ ಅಂದ: ಸಾಮಾನಲ್ಲ ಸಾಯ್ಬ,
ಮನೆಯ ಜನ.

ಹನ್ನೊಂದು ದಿನ ಕಳೆದು, ಅದೇ ಬಿಳಿ ಅಂಗಿ,
ಅದೇ ಸೀಟು, ನನ್ನೊಡನೆ ಸಲಿಗೆಯ ನಗು:
"ಆ ಮೀನಿನವಳು ಕಾಣುವುದೇ ಇಲ್ಲ ಈಚೆಗೆ,
ಅಕ್ಕಿ ಜಾಸ್ತಿ ಸಿಕ್ಕಿರಬೇಕು."

ಟಿಕೆಟ್ ಟಿಕೆಟ್ ಎನ್ನುವ ದನಿಯಲ್ಲ ಅದು,
ಎಲ್ಲಿತ್ತೋ, ತುಕ್ಕು ಹಿಡಿದ ಕದದ ಹಾಗೆ ಬಂತು:
"ನಾನೂ ಅವರೇ.
ಯೇಸುವನ್ನು ನಂಬಿದವರ ಮನೆಯವನು.
ಅಕ್ಕಿ ಸುಂಕೇರಿಯ ಅಂಗಡಿಯಿಂದ ತರುತ್ತೇನೆ,
ಕಿಲೋಗೆ ಐವತ್ತೆರಡು,
ಹೋದ ತಿಂಗಳ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.
ಬಾಯಿ ಏನನ್ನೂ ಮಾರಿಲ್ಲ, ಬಂಗಡೆಯ ಹೊರತು.
ದೇವರನ್ನು ಬಿಟ್ಟುಕೊಟ್ಟವನು ನಾನು,
ಇದೇ ಬಸ್ಸಿನಲ್ಲಿ,
ಒಂದು ಹಿಡಿ ಅಕ್ಕಿಯೂ ಇಲ್ಲದೆ, ಪುಕ್ಕಟೆ."

ಮೊಣಕಾಲು ನಡುಗಿ ಕಂಬ ಹಿಡಿದುಕೊಂಡೆ.
ಯಾರೂ ನಗಲಿಲ್ಲ. ಶಹಬ್ಬಾಸ್ ಎನ್ನಲೂ ಇಲ್ಲ.
ಬಿಳಿ ಅಂಗಿಯವನು ಕಡಲು ನೋಡಿದ.
ಹಿಂದಿನಿಂದ ಒಬ್ಬರು, ಅಂಕೋಲಾ ಎರಡು, ಅಂದರು.
ಖಾಲಿ ರಸ್ತೆಯಲ್ಲಿ ಗಣಪು
ಯಾಕೋ ಉದ್ದಕ್ಕೆ ಹಾರ್ನ್ ಹೊಡೆದ.

ಬಾಯಿ ಸಿಕ್ಕಿದ್ದು ಅವರ್ಸಾ ಸಂತೆಯಲ್ಲಿ,
ರಜೆಯ ದಿನ, ನಾನು ಯೂನಿಫಾರ್ಮ್ ಇಲ್ಲದೆ.
ಸೊಂಟದ ಸಂಚಿಯಿಂದ ಟಿಕೆಟ್ಟು ತೆಗೆದಳು.
ಯಂತ್ರದ ಅಕ್ಷರ ಮಾಸಿ ಬಿಳಿಯಾಗಿತ್ತು,
ನನ್ನ ಪೆನ್ನಿನದು ಮಾಸಿರಲಿಲ್ಲ.

ಇನಾಸ್, ಕಾಯ್ತಾನನ ಮಗ, ಎಂದೆ
ಅವಳದೇ ಕೊಂಕಣಿಯಲ್ಲಿ,
ಪಕ್ಕದ ಸೊಪ್ಪಿನವಳಿಗೂ ಕೇಳುವಷ್ಟು.
ಹತ್ತರ ನಾಣ್ಯ ಕೊಟ್ಟೆ.

ತಿರುಗಿಸಿ ತಿರುಗಿಸಿ ನೋಡಿದಳು.
"ಮೂರು ರೂಪಾಯಿ ನನ್ನ ಹತ್ತಿರ ಇಲ್ಲವಲ್ಲೋ ಪುತಾ,
ಬರೆದುಕೋ."